ಹುಡುಕಿದ್ದಕ್ಕೆ ಕೂಲಿ

ಗಾಡಿಯ ಬಾಗಿಲ ಗಾಜು ಏರದೆ ನಡುವೆಯೇ ನಿಂತುಬಿಟ್ಟರೆ ಮೊದಲ ದೂರು ಬೀಳುವುದು ಮೋಟಾರಿನ ಮೇಲೆ. ಸ್ವಿಚ್ ಒತ್ತುತ್ತೇವೆ, ಗಾಜು ಮಿಸುಕುವುದಿಲ್ಲ, 'ಮೋಟ್ರು ಹೋಯ್ತು' ಅಂದುಬಿಡುತ್ತೇವೆ. ಡೋರ್ ಪ್ಯಾಡ್ ಬಿಚ್ಚಿರುವುದಿಲ್ಲ, ಫ್ಯೂಸ್ ನೋಡಿರುವುದಿಲ್ಲ, ಗಾಜು ಜಾರುವ ರಬ್ಬರನ್ನು ಬೆರಳಿಂದ ಮುಟ್ಟಿಯೂ ಇರುವುದಿಲ್ಲ. ಆದರೂ ತೀರ್ಪು ಆಗಿಹೋಗಿರುತ್ತದೆ. ನನ್ನ ಮಟ್ಟಿಗೆ ರಿಪೇರಿ ಎಂಬ ಕೆಲಸದ ಘನತೆಯೆಲ್ಲ ಇರುವುದು ಈ ತೀರ್ಪನ್ನು ತಡೆಹಿಡಿಯುವುದರಲ್ಲಿ. ಸ್ಪ್ಯಾನರ್ ತಿರುಗಿಸುವುದನ್ನು ವರ್ಷದೊಳಗೆ ಕಲಿಯಬಹುದು. ಕೆಟ್ಟದ್ದು ಯಾವುದೆಂದು ಕಣ್ಣಾರೆ ಕಾಣುವವರೆಗೆ ಯಾವುದನ್ನೂ ಕೆಟ್ಟದ್ದೆನ್ನದೆ ತಾಳಿಕೊಳ್ಳುವುದನ್ನು ಕಲಿಯಲು ಎಷ್ಟು ಕಾಲ ಬೇಕೋ!

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗುವ ದಾರಿಯಲ್ಲಿ ಈ ವಿದ್ಯೆಗೆ ಕೆಲಸ ಜಾಸ್ತಿ. ಅರಸೀಕೆರೆ ಬಯಲುಸೀಮೆ. ತೆಂಗಿನ ತೋಟ, ಕೊಬ್ಬರಿ ಮಂಡಿ, ರೈಲ್ವೆ ಜಂಕ್ಷನ್ನು, ಬೇಸಿಗೆಯಲ್ಲಿ ಎದ್ದರೆ ಕೂರದ ಧೂಳು. ಬೇಲೂರಿಗೆ ಬಂದರೆ ಗಾಳಿಯೇ ಬೇರೆ. ಯಗಚಿಯ ಆಚೆ ಕಾಫಿ ತೋಟ, ಮೆಣಸಿನ ಬಳ್ಳಿ, ಆಷಾಢದಲ್ಲಿ ದಿನಗಟ್ಟಲೆ ಬಿಡದ ಜಡಿಮಳೆ. ಬೆಳಿಗ್ಗೆ ತೆಂಗಿನಕಾಯಿ ಹೇರಿಕೊಂಡು ಹೊರಟ ಗಾಡಿ ಮಧ್ಯಾಹ್ನದೊಳಗೆ ಎರಡು ಹವೆ ಕಂಡಿರುತ್ತದೆ. ಧೂಳು ಗಾಜಿನ ಅಕ್ಕಪಕ್ಕದ ಬೀಡಿಂಗಿನ ಸಂದಿಗೆ ಇಳಿಯುತ್ತದೆ, ಮಳೆನೀರು ಅದನ್ನು ಕೆಸರು ಮಾಡುತ್ತದೆ, ಮರುದಿನದ ಬಿಸಿಲು ಆ ಕೆಸರನ್ನು ಗಟ್ಟಿ ಮಾಡುತ್ತದೆ. ಹೀಗೆ ಹತ್ತು ಹದಿನೈದು ವರ್ಷ ನಡೆದರೆ ಗಾಜು ಏರುವ ದಾರಿ ದಾರಿಯಾಗಿ ಉಳಿದಿರುವುದಿಲ್ಲ.

ಈ ಸೀಮೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿಯನ್ನು ಜನ ಶೋಕಿಗೆ ಇಟ್ಟುಕೊಂಡವರಲ್ಲ. ತೋಟದ ಏರು, ಮಳೆಗಾಲದ ಜಾರು ಮಣ್ಣು, ಕೆರೆ ಏರಿಯ ಕಚ್ಚಾ ರಸ್ತೆ ಇವು ಅದನ್ನು ಬೇಡುತ್ತವೆ. ಮೊದಲು ಜೀಪುಗಳಿದ್ದವು. ಮಳೆ ಬಂದರೆ ಟಾರ್ಪಾಲಿನ ಪರದೆ ಇಳಿಬಿಟ್ಟು ಪಟ್ಟಿ ಬಿಗಿಯಬೇಕು, ಅಷ್ಟೇ. 1991ರಲ್ಲಿ ಟಾಟಾ ಸಿಯೆರಾ, 1998ರಲ್ಲಿ ಸಫಾರಿ, 2002ರಲ್ಲಿ ಮಹೀಂದ್ರ ಸ್ಕಾರ್ಪಿಯೊ ಬಂದವು. ಗುಂಡಿ ಒತ್ತಿದರೆ ಗಾಜು ಏರುವ ಸುಖ ನಮ್ಮ ಹಳ್ಳಿ ದಾರಿಗೂ ಬಂತು. ಆ ಕಾಲದ ಗಾಡಿಗಳಿಗೆ ಈಗ ವಯಸ್ಸಾಗಿದೆ. ಇಂಜಿನ್ನು ಇನ್ನೂ ಗಟ್ಟಿಮುಟ್ಟು, ಚಾಸಿ ಗಟ್ಟಿ, ಬಾಗಿಲ ಗಾಜು ಮಾತ್ರ ಏರುವುದಿಲ್ಲ ಎನ್ನುವ ಗಾಡಿಗಳು ತಾಲ್ಲೂಕಿನ ತುಂಬ ಸಿಗುತ್ತವೆ. ಗಾಜು ಏರದ ಗಾಡಿಯನ್ನು ರಾತ್ರಿ ಹೊರಗೆ ನಿಲ್ಲಿಸುವಂತಿಲ್ಲ, ಮಳೆಯಲ್ಲಿ ಓಡಿಸುವಂತಿಲ್ಲ, ಸಂತೆಗೆ ಒಯ್ದರೆ ಬಿಟ್ಟು ಹೋಗುವಂತಿಲ್ಲ. ಮಾರಿಬಿಡೋಣ ಎಂಬ ಮಾತು ಮನೆಯಲ್ಲಿ ಏಳುವುದೇ ಇಂಥ ಸಣ್ಣ ಕಾರಣಕ್ಕೆ.

ಬಾಗಿಲೊಳಗಿನ ಏರ್ಪಾಟು ನೋಡಿದರೆ ಬಹಳ ಸರಳ. ಬ್ಯಾಟರಿಯ 12 ವೋಲ್ಟಿನಲ್ಲಿ ತಿರುಗುವ ಪುಟ್ಟ ಮೋಟಾರು. ಅದರ ತುದಿಯಲ್ಲಿ ವರ್ಮ್ ಗೇರ್ ಎಂಬ ತಿರುಪು. ಮೋಟಾರು ಈ ತಿರುಪಿನ ಮೂಲಕ ಗಾಲಿಯನ್ನು ತಿರುಗಿಸಬಲ್ಲದು, ಗಾಲಿ ಮೋಟಾರನ್ನು ತಿರುಗಿಸಲಾರದು. ಗಾಜು ತನ್ನ ಭಾರಕ್ಕೆ ತಾನೇ ಕೆಳಗೆ ಜಾರದಿರುವುದು, ಹೊರಗಿನವನು ಅಂಗೈಯಿಂದ ಒತ್ತಿ ಇಳಿಸಲಾಗದಿರುವುದು ಇದರಿಂದಲೇ. ಗಾಲಿಯಿಂದ ಮುಂದೆ, ಕತ್ತರಿಯ ಹಾಗೆ ಅಡ್ಡಡ್ಡ ಸೇರಿದ ಎರಡು ಕಬ್ಬಿಣದ ತೋಳು ಇರಬಹುದು, ಇಲ್ಲವೇ ಪುಟ್ಟ ರಾಟೆಗಳ ಮೇಲೆ ಓಡುವ ಉಕ್ಕಿನ ಕೇಬಲ್ ಇರಬಹುದು. ಗ್ಯಾರೇಜಿನವರ ಬಾಯಲ್ಲಿ ಅದು ರೆಗ್ಯುಲೇಟರು. ಮೋಟಾರಿಗೆ ಹೋಗುವುದು ಎರಡೇ ವೈರು. ಏರುವುದಕ್ಕೊಂದು ಇಳಿಯುವುದಕ್ಕೊಂದು ಎಂದು ಬೇರೆ ಬೇರೆ ಇಲ್ಲ. ಸ್ವಿಚ್ಚಿನೊಳಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮೋಟಾರು ತಿರುಗುವ ದಿಕ್ಕು ಬದಲಾಗುತ್ತದೆ.

ಏರ್ಪಾಟು ಸರಳವಾದರೂ ದೋಷ ಅಡಗಲು ಜಾಗ ಬಹಳ. ಫ್ಯೂಸ್ ಹೋಗಿರಬಹುದು. ಸ್ವಿಚ್ಚಿನ ತಾಮ್ರದ ತುಟಿಗಳು ಕಿಡಿ ಹಾರಿ ಹಾರಿ ಕಪ್ಪಾಗಿರಬಹುದು. ಮೋಟಾರಿನ ಕಾರ್ಬನ್ ಸವೆದಿರಬಹುದು. ಹಾಗಿದ್ದರೆ ಸ್ವಿಚ್ ಒತ್ತಿಕೊಂಡೇ ಬಾಗಿಲನ್ನು ಮುಷ್ಟಿಯಿಂದ ಗುದ್ದಿದಾಗ ಒಮ್ಮೆ ಎಚ್ಚರವಾಗುತ್ತದೆ. ಪ್ಲಾಸ್ಟಿಕ್ಕಿನ ಉರುಳೆ ಒಡೆದಿರಬಹುದು. ಬೀಡಿಂಗ್ ಒಣಗಿ ಗಾಜನ್ನು ಹಿಡಿದುಕೊಂಡಿರಬಹುದು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ. ಹಳೆಯ ಎಷ್ಟೋ ಗಾಡಿಗಳಲ್ಲಿ ಉಳಿದ ಮೂರು ಬಾಗಿಲಿನ ಮೋಟಾರುಗಳಿಗೆ ಅರ್ಥ್ ಸಿಗುವುದು ಡ್ರೈವರ್ ಬಾಗಿಲಿನ ದೊಡ್ಡ ಸ್ವಿಚ್ಚಿನ ಮೂಲಕ. ಹಿಂದೆ ಎಡಗಡೆಯ ಗಾಜು ಏಳುತ್ತಿಲ್ಲ ಎಂದು ಆ ಬಾಗಿಲನ್ನು ದಿನವಿಡೀ ಬಿಚ್ಚಿ ಜೋಡಿಸಿದರೂ ಏನೂ ಸಿಗುವುದಿಲ್ಲ. ಕೆಟ್ಟಿರುವುದು ಮುಂದಿನ ಬಲಗಡೆಯ ಬಾಗಿಲಲ್ಲಿ, ಅದೂ ತನ್ನ ಗಾಜನ್ನು ಚೆನ್ನಾಗಿಯೇ ಏರಿಸಿ ಇಳಿಸಿಕೊಂಡಿರುವ ಬಾಗಿಲಲ್ಲಿ. ಒಂದು ಮನೆಯಲ್ಲಿ ಯಾರೋ ಒಬ್ಬರು ಮಾತು ಬಿಟ್ಟು ಕೂತಾಗ ಆ ಒಬ್ಬರನ್ನೇ ಎಲ್ಲರೂ ಬಿಚ್ಚಿ ನೋಡುತ್ತಾರೆ. ಚೆನ್ನಾಗಿ ನಗುತ್ತ ಓಡಾಡುವವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಅರಸೀಕೆರೆಯ ಬಿ.ಎಚ್. ರಸ್ತೆಯಿಂದ ಒಳಗೆ ಸರಿದ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡಿದೆ. ಗಾಡಿ ಬಾಣಾವರದ ಕಡೆಯ ಪರಿಚಯದ ಗೌಡರದು. ಡ್ರೈವರ್ ಬಾಗಿಲಿನ ಗಾಜು ಅರ್ಧಕ್ಕೆ ನಿಂತಿತ್ತು. ಹಿಂದೊಮ್ಮೆ ಹೀಗೇ ಆಗಿ, ಬೇರೆ ಊರಿನ ಗ್ಯಾರೇಜಿನಲ್ಲಿ ಮೋಟಾರನ್ನೇ ಬದಲಾಯಿಸಿದ್ದರು. ಕೆಲವು ತಿಂಗಳು ನಡೆದು ಮತ್ತೆ ನಿಂತಿತು. ಮೇಸ್ತ್ರಿಗೆ ಅರವತ್ತರ ಆಸುಪಾಸು. ಅವರು ಕೇಳಿದ ಮೊದಲ ಪ್ರಶ್ನೆ, "ಹಳೇ ಮೋಟ್ರು ಎಲ್ಲಿ ಗೌಡ್ರೆ?"

"ಅಲ್ಲೇ ಬಿಟ್ಬಂದೆ. ಕೆಟ್ಟಿದ್ದನ್ನ ಇಟ್ಕೊಂಡು ಏನ್ ಮಾಡ್ಲಿ?"

"ಕೆಟ್ಟಿತ್ತು ಅಂತ ಯಾರು ನೋಡಿದ್ರು?"

ಗೌಡರು ಸುಮ್ಮನಾದರು. ಮೇಸ್ತ್ರಿ ಅದನ್ನು ಎಳೆಯಲಿಲ್ಲ. ಗೌಡರನ್ನು ಸೀಟಿನಲ್ಲಿ ಕೂರಿಸಿ, ಕೀ ತಿರುಗಿಸಿ, ಗಾಡಿಯೊಳಗಿನ ದೀಪ ಹಾಕಿಸಿ ಸ್ವಿಚ್ ಒತ್ತಲು ಹೇಳಿದರು. ತಾವು ದೀಪವನ್ನೇ ನೋಡುತ್ತ ನಿಂತರು. "ಮಂಕಾಗ್ತಾ ಇಲ್ಲ ನೋಡಿ. ಗಾಜು ಜಾಮ್ ಆಗಿ ಮೋಟ್ರು ತಿಣುಕ್ತಾ ಇದ್ರೆ ಕರೆಂಟ್ ಎಳ್ಕೊಂಡು ದೀಪ ಮಂಕಾಗ್ಬೇಕಿತ್ತು. ಇದು ಏನೂ ಎಳ್ಕೊಳ್ತಾನೇ ಇಲ್ಲ." ಅಷ್ಟರಲ್ಲಿ ಅರ್ಧದಷ್ಟು ಅನುಮಾನಗಳು ಕಳೆದುಹೋದವು. ಇನ್ನೂ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ಆಮೇಲೆ ಬಾಗಿಲು ಬಿಚ್ಚಿದರು. ಗಾಜು ಕೆಳಗೆ ಕುಸಿಯದಂತೆ ಮೇಲಿನ ಅಂಚಿಗೆ ಟೇಪು ಅಂಟಿಸಿದರು. ಕೈ ಇಡುವ ಹಿಡಿಯ ಕೆಳಗೆ ಅಡಗಿದ್ದ ಸ್ಕ್ರೂಗಳನ್ನು ತೆಗೆದು, ಡೋರ್ ಪ್ಯಾಡಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಚಪ್ಪಟೆ ಪಟ್ಟಿಯಿಂದ ಎಬ್ಬಿಸಿದರು. ಹಿಂದಿನ ಕೈಯವರು ಎಳೆದು ಕಿತ್ತಿದ್ದರಿಂದ ಎರಡು ಕ್ಲಿಪ್ಪು ಮುರಿದಿದ್ದವು. ಒಳಗೆ ಅಂಟಿಸಿರಬೇಕಾದ ಪ್ಲಾಸ್ಟಿಕ್ ಹಾಳೆ ಹರಿದು ಜೋತುಬಿದ್ದಿತ್ತು. ಮಳೆನೀರು ಒಳಗೆ ಹನಿಯದಂತೆ ತಡೆಯುವುದು ಆ ಹಾಳೆಯೇ. ಬಾಗಿಲ ತಳದಲ್ಲಿ ನೀರು ಹೊರಹೋಗಲು ಇಟ್ಟ ಸಣ್ಣ ತೂತುಗಳು ಮಣ್ಣು ತುಂಬಿ ಮುಚ್ಚಿದ್ದವು. ಮೇಸ್ತ್ರಿ ಮೋಟಾರಿನ ಕಪ್ಲರ್ ಬಿಚ್ಚಿ, ಬ್ಯಾಟರಿಯಿಂದ ನೇರವಾಗಿ ಎರಡು ವೈರು ತಂದು ಮುಟ್ಟಿಸಿದರು. ಗುರ್ ಎಂದು ಮೋಟಾರು ತಿರುಗಿತು. ಗಾಜು ತಡವರಿಸಿಕೊಂಡು ಎರಡು ಬೆರಳಿನಷ್ಟು ಏರಿತು.

"ಮೋಟ್ರು ಚೆನ್ನಾಗೈತೆ ಗೌಡ್ರೆ. ಅದಕ್ಕೆ ಅನ್ನ ಹೋಗ್ತಾ ಇಲ್ಲ."

ಜೊತೆಗಿದ್ದ ಹುಡುಗ, ಐಟಿಐ ಮುಗಿಸಿ ಬಂದವನು, ಮೀಟರ್ ತಂದು ಕಪ್ಲರಿಗೆ ಹಿಡಿದ. ಸರಿಯಾಗಿ 12 ವೋಲ್ಟ್ ತೋರಿಸಿತು. ಅವನಿಗೆ ಗಲಿಬಿಲಿ. ಮೋಟಾರು ಸರಿಯಿದೆ, ಕರೆಂಟು ಬರುತ್ತಿದೆ, ಆದರೂ ಗಾಜು ಏರುತ್ತಿಲ್ಲ. "ಹನ್ನೆರಡು ಐತಲ್ಲ ಮೇಸ್ತ್ರಿ!" ಎಂದ. ಮೇಸ್ತ್ರಿ ಮಾತಾಡದೆ ಒಂದು ಹಳೆಯ ಹೆಡ್‌ಲೈಟ್ ಬಲ್ಬನ್ನು ತಂದು ಅದೇ ಕಪ್ಲರಿಗೆ ಜೋಡಿಸಿದರು. ಬಲ್ಬಿನ ತಂತಿ ಮಸುಕು ಕೆಂಪಾಗಿ ಒಮ್ಮೆ ಕಂಡು ಆರಿತು. ಮೀಟರಿನ ಅಂಕಿ ಸರ್ರನೆ ಕೆಳಗಿಳಿಯಿತು.

ನನಗೆ ಆ ದಿನ ಅರ್ಥವಾದದ್ದು ಇಷ್ಟು. ವೈರಿನೊಳಗೆ ಹತ್ತಾರು ಸಣ್ಣ ತಾಮ್ರದ ಎಳೆಗಳಿರುತ್ತವೆ. ಅವೆಲ್ಲ ತುಂಡಾಗಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರು ಪೂರ್ತಿ 12 ವೋಲ್ಟನ್ನೇ ತೋರಿಸುತ್ತದೆ. ಮೀಟರು ಸುಳ್ಳು ಹೇಳುತ್ತಿಲ್ಲ. ಅದು ವೈರಿನಿಂದ ಏನನ್ನೂ ಕೇಳುತ್ತಿಲ್ಲ, ಅದಕ್ಕೆ ಬೇಕಾದ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಬಲ್ಬು ಕೇಳುತ್ತದೆ, ಮೋಟಾರು ಇನ್ನೂ ಹೆಚ್ಚು ಕೇಳುತ್ತದೆ. ಭಾರ ಬಿದ್ದಾಗ ಆ ಒಂದು ಎಳೆಯ ಕೈಯಲ್ಲಿ ಆಗುವುದಿಲ್ಲ. ನಾವು ಪರಸ್ಪರ ವಿಚಾರಿಸಿಕೊಳ್ಳುವುದೂ ಬಹುಪಾಲು ಮೀಟರಿನ ರೀತಿಯಲ್ಲೇ. ಚೆನ್ನಾಗಿದ್ದೀರಾ ಎಂದರೆ ಚೆನ್ನಾಗಿದ್ದೇವೆ ಎಂದೇ ಉತ್ತರ, ಅದು ಸುಳ್ಳೂ ಅಲ್ಲ. ತಾಯಿಯ ಕಾಯಿಲೆ, ಮಗಳ ಫೀಸು, ಕೊಳವೆಬಾವಿಯ ಸಾಲ ಒಟ್ಟಿಗೆ ಬಂದ ದಿನ ಅದೇ ಮನುಷ್ಯ ನಿಂತುಬಿಡುತ್ತಾನೆ. ನೆನ್ನೆಯವರೆಗೆ ಸರಿಯಾಗಿದ್ದನಲ್ಲ ಎಂದು ನಾವು ಆಶ್ಚರ್ಯಪಡುತ್ತೇವೆ.

ಮೇಸ್ತ್ರಿ ಬಾಗಿಲ ಕೀಲಿನ ಬಳಿಗೆ ಹೋದರು. ಗಾಡಿಯ ಮೈಯಿಂದ ಬಾಗಿಲೊಳಕ್ಕೆ ವೈರುಗಳು ದಾಟುವ ಜಾಗದಲ್ಲಿ ಒಂದು ರಬ್ಬರಿನ ಕೊಳವೆಯಿರುತ್ತದೆ. ಅದನ್ನು ಹಿಂದಕ್ಕೆ ಸರಿಸಿದರು. ವೈರುಗಳೆಲ್ಲ ನೋಡಲು ಚೆನ್ನಾಗಿಯೇ ಇದ್ದವು. ಮೇಲಿನ ಬಣ್ಣದ ಸಿಪ್ಪೆ ಎಲ್ಲಿಯೂ ಹರಿದಿರಲಿಲ್ಲ. ಅವರು ಒಂದೊಂದು ವೈರನ್ನೂ ಎರಡು ಕೈಯ ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತ ಬಂದರು. ಮೊದಲಿನವು ಬಿಗಿಯಾಗಿ ನಿಂತವು. ಕೆಂಪಿನ ಮೇಲೆ ಬಿಳಿ ಗೆರೆಯಿದ್ದ ಒಂದು ಮಾತ್ರ ಎಳೆದಷ್ಟೂ ಹಿಗ್ಗಿತು. ಒಳಗಿನ ತಾಮ್ರ ತುಂಡಾಗಿ ಸಿಪ್ಪೆ ಒಂದೇ ಉಳಿದಾಗ ವೈರು ಹಾಗೆ ಹಿಗ್ಗುತ್ತದೆ. ಬ್ಲೇಡಿನಿಂದ ಸೀಳಿ ತೋರಿಸಿದರು. ಹಸಿರು ಹಿಡಿದ ತಾಮ್ರದ ಪುಡಿ, ಅದರ ನಡುವೆ ಕೂದಲಿನಷ್ಟು ಒಂದು ಎಳೆ.

ಬಾಗಿಲು ತೆಗೆದು ಹಾಕಿದಾಗಲೆಲ್ಲ ವೈರು ಬಾಗುವುದು ಆ ಒಂದು ಜಾಗದಲ್ಲಿ. ಡ್ರೈವರ್ ಬಾಗಿಲಿನಷ್ಟು ಸಲ ತೆರೆಯುವ ಬಾಗಿಲು ಗಾಡಿಯಲ್ಲಿ ಇನ್ನೊಂದಿಲ್ಲ. ಯಾರೂ ನೋಡದ ಜಾಗದಲ್ಲಿ, ಎಲ್ಲರಿಗಿಂತ ಹೆಚ್ಚು ಬಾಗಿ, ಒಳಗೊಳಗೇ ಎಳೆ ಎಳೆಯಾಗಿ ತುಂಡಾಗಿ, ಹೊರಗೆ ಮೊದಲಿನ ಹಾಗೆಯೇ ಕಾಣುತ್ತಿತ್ತು. ಹಿಂದೆ ಮೋಟಾರು ಬದಲಾಯಿಸಿದಾಗ ಗಾಜು ಏರಿದ್ದು ಬಹುಶಃ ಬಿಚ್ಚಿ ಜೋಡಿಸುವ ಗಡಿಬಿಡಿಯಲ್ಲಿ ಮುರಿದ ತುದಿಗಳು ಒಂದಕ್ಕೊಂದು ಮುಟ್ಟಿದ್ದರಿಂದ. ಆ ಹಳೆಯ ಮೋಟಾರು ಎಲ್ಲೋ ಗುಜರಿ ಸೇರಿರಬೇಕು.

ಈ ಕೆಲಸ ನೋಡಿದ ಮೇಲೆ ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನನಗೆ ಬೇರೆ ರೀತಿಯಲ್ಲಿ ಕೇಳಿಸತೊಡಗಿದೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಜಕಣಾಚಾರಿ ಕಡೆದು ನಿಲ್ಲಿಸಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಗುರುತೇ ಇಲ್ಲದ ಹುಡುಗನೊಬ್ಬ ಹೇಳುತ್ತಾನೆ. ದೋಷ ತೋರಿಸಿದರೆ ಕೈ ಕಡಿದುಕೊಳ್ಳುತ್ತೇನೆಂದು ಜಕಣಾಚಾರಿ ಪಣ ತೊಡುತ್ತಾನೆ. ಮೈತುಂಬ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಆರುತ್ತದೆ, ಹೊಕ್ಕುಳ ಸುತ್ತ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟಾಗ ನೀರಿನೊಂದಿಗೆ ಕಪ್ಪೆ ಹೊರಬರುತ್ತದೆ. ಹುಡುಗ ಅವನ ಮಗನೇ ಎಂದು ಆಮೇಲೆ ತಿಳಿಯುತ್ತದೆ. ಇತಿಹಾಸಕಾರರಿಗೆ ಜಕಣಾಚಾರಿಯ ಹೆಸರು ಬೇಲೂರಿನ ಶಿಲ್ಪಿಗಳ ಸಹಿಗಳಲ್ಲಿ ಸಿಕ್ಕಿಲ್ಲ. ಅಲ್ಲಿ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರು. ಕಪ್ಪೆ ಚೆನ್ನಿಗರಾಯನ ಗುಡಿ ಹೊಯ್ಸಳ ರಾಣಿ ಶಾಂತಲೆ ಕಟ್ಟಿಸಿದ್ದು. ಕಥೆ ಮಾತ್ರ ಜನರದು, ಅವರು ಅದನ್ನು ಬಿಟ್ಟುಕೊಟ್ಟಿಲ್ಲ.

ನಾವು ಆ ಕಥೆಯಲ್ಲಿ ಯಾವಾಗಲೂ ನೋಡುವುದು ತಂದೆಯ ಪಣವನ್ನು, ಕಡಿದುಕೊಂಡ ಕೈಯನ್ನು, ತಂದೆ ಮಗ ಒಂದಾದ ಗಳಿಗೆಯನ್ನು. ನನ್ನ ಗಮನ ಈಗ ಗಂಧದ ಮೇಲೆ. ಹುಡುಗ ಸುತ್ತಿಗೆ ಎತ್ತಿ ಕಲ್ಲೊಡೆದು ತೋರಿಸಲಿಲ್ಲ. ವಿಗ್ರಹವನ್ನು ಕೆಡವಿ ಬೇರೆ ಕಲ್ಲು ತನ್ನಿ ಎಂದೂ ಅನ್ನಲಿಲ್ಲ. ಗಂಧ ಬಳಿದು ಕಾದ. ಆರುವುದು ಎಲ್ಲಿ, ಆರದಿರುವುದು ಎಲ್ಲಿ ಎಂದು ಕಲ್ಲೇ ಹೇಳುವವರೆಗೆ ಕಾದ. ಬಲ್ಬು ಜೋಡಿಸಿದ ಮೇಸ್ತ್ರಿಯೂ ಅದನ್ನೇ ಮಾಡಿದ್ದು. ದೋಷ ಹುಡುಕಿದವನನ್ನು ಕಟ್ಟಿದವನಷ್ಟೇ ಎತ್ತರಕ್ಕೆ ಇಟ್ಟು ಒಂದು ಊರು ನೂರಾರು ವರ್ಷ ನೆನಪಿಟ್ಟುಕೊಂಡಿದೆ ಎನ್ನುವುದು ಸಣ್ಣ ಸಂಗತಿಯಲ್ಲ.

ಆ ಗುಡಿಯಿರುವ ಚೆನ್ನಕೇಶವ ದೇವಾಲಯದ ಆವರಣವೇ ರಿಪೇರಿಯ ಒಂದು ದೊಡ್ಡ ಇತಿಹಾಸ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದಾಗ ನವರಂಗಕ್ಕೆ ಸುತ್ತ ಮುಚ್ಚಿದ ಗೋಡೆಯಿರಲಿಲ್ಲ. ಇಂದು ನಾವು ಬೆರಗಾಗಿ ನೋಡುವ ಕಲ್ಲಿನ ಜಾಲಂಧ್ರಗಳನ್ನು ಕಂಬಗಳ ನಡುವೆ ಕೂರಿಸಿದ್ದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಕೆಲವುಗಳಲ್ಲಿ ಪುರಾಣದ ಕಥೆ, ಮಿಕ್ಕವುಗಳಲ್ಲಿ ನಕ್ಷತ್ರದ, ಬಳ್ಳಿಯ ಕಿಂಡಿಗಳು. ಗಾಳಿ ಬೆಳಕನ್ನು ಪೂರ್ತಿ ತಡೆಯದೆ ಮುಚ್ಚುವ ಆ ಕೆಲಸ ಎಷ್ಟು ಹದವಾಗಿ ಕೂತಿದೆಯೆಂದರೆ, ಅದು ಆಮೇಲೆ ಸೇರಿದ್ದು ಎಂದು ಹೇಳದಿದ್ದರೆ ಗೊತ್ತಾಗುವುದಿಲ್ಲ. ವಿಜಯನಗರದ ಇಮ್ಮಡಿ ಹರಿಹರನ ಆಳ್ವಿಕೆಯಲ್ಲಿ, 1381ರಲ್ಲಿ, ಕಂಪಣ್ಣ ಎಂಬವನು ಆಸರೆಗೆಂದು ನಾಲ್ಕು ಗ್ರಾನೈಟ್ ಕಂಬಗಳನ್ನು ಸೇರಿಸಿದ. ದಾಳಿಯೊಂದರಲ್ಲಿ ಸುಟ್ಟುಹೋಗಿದ್ದ ಮಹಾದ್ವಾರವನ್ನು 1397ರಲ್ಲಿ ಗುಂಡ ದಂಡನಾಯಕ ಮತ್ತೆ ಕಟ್ಟಿಸಿ ಗೋಪುರ ಎತ್ತಿಸಿದ. ಗರ್ಭಗುಡಿಯ ಮೇಲಿದ್ದ ಶಿಖರವನ್ನು 19ನೇ ಶತಮಾನದ ಕೊನೆಯ ಭಾಗದಲ್ಲಿ ಕೆಳಗಿನ ಕಟ್ಟಡ ಉಳಿಯಲೆಂದು ಇಳಿಸಿಬಿಟ್ಟರು. ಏನನ್ನು ಸೇರಿಸಬೇಕು, ಏನನ್ನು ಬದಲಿಸಬೇಕು, ಏನನ್ನು ಬಿಟ್ಟುಕೊಡಬೇಕು ಎಂದು ಪ್ರತಿ ತಲೆಮಾರಿನಲ್ಲೂ ಯಾರೋ ನಿಂತು ನೋಡಿ ಹೇಳಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವು ಹೊಗಳಿದ್ದು ಕಡೆದವರನ್ನು. ಬಿರುಕು ಕಂಡು ಹೇಳಿದವರ ಪಾಲೂ ಅದರಲ್ಲಿದೆ.

ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಭಾವವಿದೆ: ತಾನು ಕೊಡುವುದಕ್ಕಿಂತ, ಬೇರೆಯವರು ಕೊಟ್ಟದ್ದನ್ನು ಕಾಪಾಡಿದವನಿಗೆ ಇಮ್ಮಡಿ ಪುಣ್ಯ. ಇದನ್ನು ಬರೆಸಿದವರಿಗೆ ಮನುಷ್ಯನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಹೊಸದು ಮಾಡಿಸಲು ಯಾರನ್ನೂ ಹುರಿದುಂಬಿಸಬೇಕಿಲ್ಲ, ಹೆಸರು ಬರುತ್ತದೆ. ಇದ್ದದ್ದನ್ನು ನೋಡಿಕೊಳ್ಳಲು ಆಸೆ ತೋರಿಸಬೇಕು, ಅದಕ್ಕೇ ಅಲ್ಲಿ ಲೆಕ್ಕ ಎರಡರಷ್ಟು.

ನಮ್ಮ ಕಾಲದ ಲೆಕ್ಕ ಇದಕ್ಕೆ ತಿರುಗುಮುರುಗು. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸ್ವಂತ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹೊಗೆ ಕಾರುವ, ಬ್ರೇಕ್ ಹಿಡಿಯದ ಗಾಡಿಗಳು ರಸ್ತೆಯಿಂದ ಇಳಿಯಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಬ್ರೇಕು, ಸ್ಟೇರಿಂಗು, ಸೀಟ್ ಬೆಲ್ಟುಗಳ ವಿಷಯದಲ್ಲಿ ತೇಪೆ ಕೆಲಸ ಬೇಡವೇ ಬೇಡ, ಅಲ್ಲಿ ಹೊಸ ಸಾಮಾನೇ ಸರಿ. ಗಾಜಿನ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಹಳೆಯ ಗಾಡಿಗಳಲ್ಲಿ ನಡುವೆ ಮಗುವಿನ ಕೈ ಸಿಕ್ಕರೆ ತಾನಾಗಿ ಹಿಂದೆ ಸರಿಯುವ ಏರ್ಪಾಟು ಸಾಮಾನ್ಯವಾಗಿ ಇರುವುದಿಲ್ಲ. ಸರಿ ಮಾಡಿದ ಗಾಜಿಗೆ ಮೊದಲಿಗಿಂತ ಬಲ ಬಂದಿರುತ್ತದೆ, ಮನೆಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕು. ಆದರೆ ಒಂದು ಗೇಣು ವೈರಿಗಾಗಿ ಮೋಟಾರನ್ನು, ಮೋಟಾರಿಗಾಗಿ ಇಡೀ ರೆಗ್ಯುಲೇಟರನ್ನು, ಕೊನೆಗೆ ಗಾಜಿನ ಕಾಟಕ್ಕಾಗಿ ಗಾಡಿಯನ್ನೇ ಗುಜರಿಗೆ ಹಾಕುವ ರೂಢಿಯನ್ನು ನಾನು ಒಪ್ಪಲಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದರ ವ್ಯಾಪ್ತಿಗೆ ವಾಹನಗಳನ್ನೂ ಸೇರಿಸಿತು. ಆ ಹಕ್ಕು ಅರಸೀಕೆರೆಯಂಥ ಊರಿನ ಅಂಗಡಿಗೆ ಮುಟ್ಟಬೇಕಾದರೆ ಮೊದಲು ಮುಟ್ಟಬೇಕಾದದ್ದು ವೈರಿಂಗಿನ ನಕ್ಷೆ. ಮೇಸ್ತ್ರಿಯ ಬಳಿ ಇರುವುದು ಉದ್ದನೆಯ ಒಂದು ಲೆಕ್ಕದ ಪುಸ್ತಕ. ಯಾವ ಗಾಡಿಯಲ್ಲಿ ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆ ಎಂದು ಕನ್ನಡದಲ್ಲಿ ಬರೆದುಕೊಂಡಿದ್ದಾರೆ. ಕೆಂಪು ಬಿಳಿಗೆ 'ಕೆಂ-ಬಿ', ಹಸಿರು ಕಪ್ಪಿಗೆ 'ಹ-ಕ'. ಒಂದೊಂದು ಸಾಲೂ ಒಂದೊಂದು ಬಾಗಿಲು ಬಿಚ್ಚಿ ಕಂಡುಕೊಂಡದ್ದು.

ಕೆಲಸ ಮುಗಿಸಿದ ರೀತಿಯಲ್ಲೂ ಆ ಎಚ್ಚರ ಇತ್ತು. ಎರಡು ತುದಿ ತಿರುಚಿ ಟೇಪು ಸುತ್ತಿಬಿಡಲಿಲ್ಲ. ಕೆಟ್ಟ ಭಾಗವನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ನಡುವೆ ತೆಳು ಎಳೆಗಳ ಮೆತ್ತನೆಯ ವೈರು ಸ್ವಲ್ಪ ಸಡಿಲವಾಗಿ ಸೇರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿ ಬಿಸಿ ಮಾಡಿ ಕೂರಿಸಿದರು. ಜೋಡಣೆಗಳು ಬಾಗುವ ಜಾಗಕ್ಕೆ ಬರದಂತೆ ಆಚೆ ಈಚೆ ಸರಿಸಿದರು. ಗಾಜಿನ ಬೀಡಿಂಗನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ, ಒಣಗಿಸಿ, ಸಿಲಿಕಾನ್ ಸ್ಪ್ರೇ ಹೊಡೆದರು. ಹುಡುಗ ಗ್ರೀಸ್ ಡಬ್ಬ ತರಲು ಹೋದಾಗ ತಡೆದು, "ಅದು ಧೂಳು ಹಿಡಿತೈತೆ ಕಣೋ, ರಬ್ಬರೂ ಉಬ್ತೈತೆ" ಎಂದರು. ತಳದ ತೂತುಗಳನ್ನು ತಂತಿಯಿಂದ ಬಿಡಿಸಿದಾಗ ಕೆಂಪು ನೀರು ಸುರಿಯಿತು. ಹರಿದ ಪ್ಲಾಸ್ಟಿಕ್ ಹಾಳೆಯ ಬದಲು ಹೊಸದನ್ನು ಕತ್ತರಿಸಿ ಅಂಟಿಸಿದರು. ಡೋರ್ ಪ್ಯಾಡ್ ಮುಚ್ಚಿದ ಮೇಲೆ ಇದರಲ್ಲಿ ಒಂದೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿಲ್ಲು ಬರೆದರು. ವೈರು, ಸ್ಲೀವು, ಎರಡು ಕ್ಲಿಪ್ಪು, ಪ್ಲಾಸ್ಟಿಕ್ ಹಾಳೆ, ಕೊನೆಯಲ್ಲಿ ಲೇಬರ್ ಎಂದು ಒಂದು ಸಣ್ಣ ಮೊತ್ತ. ಮೋಟಾರು ಬದಲಾಯಿಸಿದವರು ತೆಗೆದುಕೊಂಡದ್ದರ ಕಾಲುಭಾಗವೂ ಇರಲಿಲ್ಲ. ಹುಡುಕಲು ಹೋದ ಹೊತ್ತಿಗೆ ಏನೂ ಹಾಕಿಲ್ಲವಲ್ಲ ಎಂದು ನಾನೇ ಕೇಳಿದೆ.

"ಹುಡುಕಿದ್ದಕ್ಕೆಲ್ಲ ಯಾರು ಕೊಡ್ತಾರೆ ಸಾರ್? ಹೊಸ ಸಾಮಾನು ಕೈಗೆ ಕೊಟ್ರೆ ಕೇಳಿದಷ್ಟು ಕೊಡ್ತಾರೆ. ವೈರ್ ಜೋಡ್ಸಿದೀನಿ ಅಂದ್ರೆ ಇಷ್ಟಕ್ಕೆ ಇಷ್ಟಾ ಅಂತಾರೆ."

ಅವರ ದನಿಯಲ್ಲಿ ಕಹಿ ಇರಲಿಲ್ಲ. ನನಗೆ ಮಾತ್ರ ಅದು ಚುಚ್ಚಿತು. ಇವತ್ತಿನ ಗ್ಯಾರೇಜುಗಳು ಏನು ಕೇಳಿದರೂ ಬದಲಾಯಿಸಿ ಅನ್ನುತ್ತವೆ ಎಂದು ನಾವು ದೂರುತ್ತೇವೆ. ಹಾಗೆ ಅನ್ನುವುದನ್ನು ಅವರಿಗೆ ಕಲಿಸಿದವರು ನಾವು. ಪೆಟ್ಟಿಗೆಯಲ್ಲಿ ಬಂದ ಸಾಮಾನಿಗೆ ಚೌಕಾಶಿ ಮಾಡದೆ ಹಣ ಎಣಿಸುತ್ತೇವೆ. ಅರ್ಧ ದಿನ ಮಂಡಿಯೂರಿ ಕೂತು ಸಾಮಾನೇ ಬೇಡ ಎಂದು ಹೇಳಿದವರ ಕೂಲಿಯಲ್ಲಿ ಐವತ್ತು ರೂಪಾಯಿ ಹಿಡಿಯುತ್ತೇವೆ. ಪ್ರಾಮಾಣಿಕವಾಗಿ ಹುಡುಕಿದವರಿಗೆ ನಷ್ಟ, ಹುಡುಕದೆ ಬದಲಾಯಿಸಿದವರಿಗೆ ಲಾಭ. ಹೀಗೆ ಇಪ್ಪತ್ತು ವರ್ಷ ನಡೆದರೆ ಹುಡುಕುವವರು ಎಲ್ಲಿ ಉಳಿಯುತ್ತಾರೆ? ಐಟಿಐ ಮುಗಿಸಿದ ಆ ಹುಡುಗ ಮೇಸ್ತ್ರಿಯಿಂದ ಬಲ್ಬಿನ ವಿದ್ಯೆ ಕಲಿತು ಹೊಟ್ಟೆ ಹೊರೆಯಬಲ್ಲನೇ? ಡಾಕ್ಟರು ಮಾತ್ರೆ ಬರೆಯದೆ ಕಳಿಸಿದರೆ ಸರಿಯಾಗಿ ನೋಡಲಿಲ್ಲ ಎಂದು ಬೇಸರಪಡುವವರೂ ನಾವೇ. ಗ್ಯಾರೇಜಿನ ಬಿಲ್ಲಿನಲ್ಲಿ ಹುಡುಕಿದ ಕೂಲಿಗೆ ಬೇರೆಯೇ ಒಂದು ಸಾಲು ಇರಬೇಕು. ಅದನ್ನು ಬರೆಯಲು ಮೇಸ್ತ್ರಿ ಸಂಕೋಚಪಟ್ಟರೆ, ಬರೆಯಿರಿ ಎಂದು ನಾವು ಹೇಳಬೇಕು.

ಗೌಡರು ಬಿಲ್ಲಿನ ಚೀಟಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ವಾಪಸು ಕೊಟ್ಟು, "ಮಿಕ್ಕ ಮೂರು ಬಾಗಿಲಿನ ರಬ್ಬರ್ ಕೊಳವೆಗಳನ್ನೂ ಸರಿಸಿ ನೋಡ್ಬಿಡಿ ಮೇಸ್ತ್ರಿ, ತೂತುಗಳನ್ನೂ ಬಿಡ್ಸಿ. ಹೇಗೂ ಮಳೆ ಹತ್ರ ಬಂತು. ನೋಡಿದ್ದಕ್ಕೂ ಸೇರಿಸಿ ಬರೀರಿ" ಎಂದರು. ಮುಂದಿನ ಎಡ ಬಾಗಿಲಿನಲ್ಲಿ ಒಂದು ವೈರು ಸ್ವಲ್ಪ ಹಿಗ್ಗುತ್ತಿತ್ತು, ಅದನ್ನೂ ಬದಲಾಯಿಸಿದರು. ಹಿಂದಿನ ಎರಡರಲ್ಲಿ ಏನೂ ದೋಷ ಸಿಗಲಿಲ್ಲ. ಗೌಡರು ಅದಕ್ಕೂ ಹಣ ಕೊಟ್ಟು, ಹಳೇಬೀಡಿನ ಕಡೆ ಗಾಡಿ ತಿರುಗಿಸಿದರು.